ಲಿನಕ್ಸ್ ಸರ್ವರಿಗೆ ಡಾಂಗಲ್ ಹಾಕಿ ಡಯಲ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮದ್ದೂರು, ಪಾಂಡವಪುರ, ಮೈಸೂರಿನ ಸುತ್ತಮುತ್ತ ಸಣ್ಣಪುಟ್ಟ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಕ್ಕಿ ಗಿರಣಿಯ ಬಿಲ್ಲಿಂಗು, ಶಾಲೆಯ ಲೈಬ್ರರಿ, ತೋಟದ ಪಂಪ್‌ಸೆಟ್ ಲೆಕ್ಕ, ಇಂಥವು. ಫೈಬರ್ ಬಾರದ ಕಡೆ ಇವೆಲ್ಲ ಒಂದು ಡಾಂಗಲ್ (ಸಿಮ್ ಹಾಕಿ ಯುಎಸ್‌ಬಿಗೆ ಚುಚ್ಚುವ ಪುಟ್ಟ ಮೋಡೆಮ್) ನಂಬಿಕೊಂಡು ನಡೆಯುತ್ತವೆ. ಫೋನಿನಲ್ಲಿ, ಪತ್ರದಲ್ಲಿ, ಎದುರು ಕೂತು ಮಾತಾಡುವಾಗ ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಇವೇ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ‘ಎಟಿ’ಯಿಂದ ಶುರುವಾಗುವವು ಮಾತ್ರ ದೊಡ್ಡಕ್ಷರ.

ಯಾರು ಕೇಳಿದರೂ ನಾನು ಮೊದಲು ಹೇಳುವುದು ಒಂದೇ: ಕೆಳಗಿನಿಂದ ಮೇಲಕ್ಕೆ ಹೋಗಿ. ಕರೆಂಟು, ಯುಎಸ್‌ಬಿ, ಸಿಮ್, ಸಿಗ್ನಲ್, ಡಯಲ್, ಐಪಿ, ದಾರಿ, ಹೆಸರು. ಒಂದು ಮೆಟ್ಟಿಲು ಗಟ್ಟಿ ಇದೆ ಅಂತ ಕಣ್ಣಾರೆ ನೋಡದೆ ಮುಂದಿನದಕ್ಕೆ ಕಾಲಿಡಬೇಡಿ.

## ಡಾಂಗಲ್ ಹಾಕಿದ ತಕ್ಷಣ

ಈಗಿನ ಕಾಲದಲ್ಲೂ ಡಯಲ್-ಅಪ್ಪಾ ಸಾರ್? ಅದು ಫೋನ್ ಲೈನಿನ ಜೊತೆಗೇ ಹೋಯ್ತಲ್ವಾ?

ಕೀಂಯ್ ಅಂತ ಸದ್ದು ಮಾಡುತ್ತಿದ್ದ 56 ಕೆ ಮೋಡೆಮ್ ಹೋಯಿತು, ನಿಜ. ಡಯಲ್ ಮಾಡುವ ಪದ್ಧತಿ ಹೋಗಿಲ್ಲ. ಯುಎಸ್‌ಬಿ ಡಾಂಗಲ್ ಕೂಡ ಸರ್ವರಿನ ಕಣ್ಣಿಗೆ ಒಂದು ಮೋಡೆಮ್ಮೇ. ಅದಕ್ಕೆ *99# ಅನ್ನುವ ನಂಬರ್ ತಿರುಗಿಸಬೇಕು. ಅದು ‘ಕನೆಕ್ಟ್’ ಅಂದ ಮೇಲೆ ಪಿಪಿಪಿ ಅನ್ನುವ ಹಳೆಯ ಕ್ರಮದಲ್ಲೇ ಮಾತುಕತೆ ನಡೆದು ಐಪಿ ವಿಳಾಸ ಬರುತ್ತದೆ. ಫೈಬರ್ ಇರುವವರೂ ಇದನ್ನು ಇಟ್ಟುಕೊಂಡಿರುತ್ತಾರೆ, ರಸ್ತೆ ಅಗೆಯುವಾಗ ಕೇಬಲ್ ಕಡಿದರೆ ಬಿಲ್ಲಿಂಗ್ ನಿಲ್ಲಬಾರದು ಅಂತ.

ಡಾಂಗಲ್ ಹಾಕಿದೀನಿ, ಲಿನಕ್ಸ್ ಅದನ್ನ ಸಿ.ಡಿ. ಡ್ರೈವ್ ಅಂತ ತೋರಿಸ್ತಿದೆ. ಕೆಟ್ಟೋಗಿದ್ಯಾ?

ಕೆಟ್ಟಿಲ್ಲ. ಈ ಡಾಂಗಲ್‌ಗಳು ಬೇಕಂತಲೇ ಮೊದಲು ಸಿ.ಡಿ. ವೇಷದಲ್ಲಿ ಬರುತ್ತವೆ. ವಿಂಡೋಸ್‌ಗೆ ಬೇಕಾದ ಡ್ರೈವರ್ ಅದರೊಳಗೇ ಇರುತ್ತದೆ, ಅದನ್ನು ಇನ್‌ಸ್ಟಾಲ್ ಮಾಡಿಸಿಕೊಂಡ ಮೇಲೆ ವೇಷ ಕಳಚಿ ಮೋಡೆಮ್ ಆಗುತ್ತವೆ. ಲಿನಕ್ಸಿನಲ್ಲಿ ವೇಷ ಕಳಚಿಸುವ ಕೆಲಸ ‘ಯುಎಸ್‌ಬಿ ಮೋಡ್‌ಸ್ವಿಚ್’ ಅನ್ನುವ ಪ್ಯಾಕೇಜಿನದು. ಸರ್ವರ್ ಇನ್‌ಸ್ಟಾಲ್ ಮಾಡುವಾಗ ಅದು ಎಷ್ಟೋ ಸಲ ಬಂದಿರುವುದಿಲ್ಲ. ಹಾಕಿಕೊಳ್ಳಿ.

ಆಗಿದೆಯೋ ಇಲ್ಲವೋ ತಿಳಿಯಲು ‘ಎಲ್‌ಎಸ್‌ಯುಎಸ್‌ಬಿ’ ಕೊಡಿ. ಎರಡು ಭಾಗದ ಒಂದು ಗುರುತು ಕಾಣುತ್ತದೆ. ಹುವಾವೇ ಆದರೆ ಮೊದಲ ಭಾಗ 12ಡಿ1, ಝಡ್‌ಟಿಇ ಆದರೆ 19ಡಿ2. ನೋಡಬೇಕಾದ್ದು ಎರಡನೇ ಭಾಗವನ್ನು. ಹುವಾವೇ ಹಳೇ ಡಾಂಗಲ್ಲಿನಲ್ಲಿ 1446 ಅಂತಿದ್ದರೆ ಇನ್ನೂ ಸಿ.ಡಿ. ವೇಷ, 1001 ಅಂತ ಬದಲಾದರೆ ಮೋಡೆಮ್. ಝಡ್‌ಟಿಇಯಲ್ಲಿ 2000 ಅಂದರೆ ಸಿ.ಡಿ. ಬದಲಾದ ಮೇಲೆ ‘ಆಪ್ಷನ್’ ಅನ್ನುವ ಡ್ರೈವರ್ ಎದ್ದು ‘ಟಿಟಿವೈಯುಎಸ್‌ಬಿ0’, 1, 2 ಅಂತ ಮೂರು ನಾಲ್ಕು ಬಾಗಿಲು ತೆರೆಯುತ್ತದೆ. ಡಯಲ್ ಮಾಡಲು ಹೆಚ್ಚಿನ ಡಾಂಗಲ್‌ಗಳಲ್ಲಿ ಬೇಕಾದ್ದು 0.

ನನ್ನದಕ್ಕೆ ಟಿಟಿವೈ ಅಂತ ಏನೂ ಬರೋದೇ ಇಲ್ಲ, ಇನ್ನೊಂದು ನೆಟ್‌ವರ್ಕ್ ಕಾರ್ಡ್ ಅಂತ ಬರುತ್ತೆ. ನಂಬರ್ ಎಲ್ಲಿ ಹಾಕಲಿ?

ಎಲ್ಲೂ ಹಾಕಬೇಡಿ. ನಿಮ್ಮದು ಹೈಲಿಂಕ್ ಥರದ ಡಾಂಗಲ್. ಡಯಲ್ ಮಾಡುವ ಕೆಲಸವನ್ನು ಅದೇ ಒಳಗೆ ಮಾಡಿಕೊಂಡು ಸರ್ವರಿಗೆ ಸಣ್ಣ ರೂಟರ್ ಹಾಗೆ ಕಾಣುತ್ತದೆ. ಆ ಕಾರ್ಡಿಗೆ ಡಿಎಚ್‌ಸಿಪಿ (ತಾನಾಗಿ ವಿಳಾಸ ಪಡೆಯುವ ಕ್ರಮ) ಕೊಟ್ಟರೆ 192.168.8.100 ಥರದ ವಿಳಾಸ ಬರುತ್ತದೆ. ಎಪಿಎನ್ (ಸಿಮ್ ಕಂಪನಿಯ ನೆಟ್ ಬಾಗಿಲಿನ ಹೆಸರು) ಬದಲಾಯಿಸುವುದು 192.168.8.1ರ ಪುಟದಲ್ಲಿ. ಜಿಯೋಫೈ ಪೆಟ್ಟಿಗೆಯಾದರೆ ಆ ಪುಟ 192.168.225.1ರಲ್ಲಿ ಇರುತ್ತದೆ. ಇಂಥ ಡಾಂಗಲ್ ಇದ್ದವರು ಕೆಳಗಿನ ಡಯಲ್ ಪ್ರಶ್ನೆಗಳನ್ನು ಬಿಟ್ಟು ಸೀದಾ ದಾರಿ, ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವುದು) ಪ್ರಶ್ನೆಗಳಿಗೆ ಹೋಗಬಹುದು.

ಮನೇಲಿ ಹಳೇ ತ್ರೀಜಿ ಡಾಂಗಲ್ ಬಿದ್ದಿದೆ, ಜಿಯೋ ಸಿಮ್ ಹಾಕಿದ್ರೆ ನಡೆಯುತ್ತಾ ಅಣ್ಣ?

ಇಲ್ಲ. 2016ರಲ್ಲಿ ಶುರುವಾದಾಗಿನಿಂದ ಜಿಯೋದಲ್ಲಿ ಟುಜಿ, ತ್ರೀಜಿ ಎರಡೂ ಇಲ್ಲ. ಏರ್‌ಟೆಲ್ ತ್ರೀಜಿ ಮುಚ್ಚಿ ವರ್ಷಗಳಾದವು, ಅದರ ಸಿಮ್ ಹಾಕಿದರೆ ಡಾಂಗಲ್ ಟುಜಿಗೆ ಇಳಿಯುತ್ತದೆ. ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್) ಮಾಡಿ ನಾಲ್ಕು ಸಾಲು ಓದಲು ಅಷ್ಟು ಸಾಕು, ಬ್ಯಾಕಪ್ ಕಳಿಸಲು ಸಾಲದು. ಫೋರ್‌ಜಿ ಡಾಂಗಲ್ ತೆಗೆದುಕೊಳ್ಳಿ.

ಸರ್ವರಿಗೆ ಪರದೆನೇ ಇಲ್ಲ. ಸಿಗ್ನಲ್ ಇದೆಯೋ ಇಲ್ವೋ ಹೇಗೆ ಗೊತ್ತಾಗ್ಬೇಕು?

ಡಾಂಗಲ್ಲನ್ನೇ ಕೇಳಿ, ಅದು ಹೇಳುತ್ತದೆ. ಎಲ್ಲರೂ ಬಿಟ್ಟುಹೋಗುವ ಮೆಟ್ಟಿಲು ಇದೇ.

‘ಮಿನಿಕಾಮ್’ ಹಾಕಿಕೊಂಡು ಟಿಟಿವೈಯುಎಸ್‌ಬಿ0 ತೆರೆಯಿರಿ, ಅದು ಉತ್ತರ ಕೊಡದಿದ್ದರೆ 2. ‘ಎಟಿ’ ಅಂತ ಬರೆದು ಎಂಟರ್ ಒತ್ತಿದರೆ ‘ಓಕೆ’ ಬರಬೇಕು. ಆಮೇಲೆ ಮೂರು ಪ್ರಶ್ನೆ.

‘ಎಟಿ+ಸಿಪಿಐಎನ್?’ ಅಂದರೆ ಸಿಮ್ ಹೇಗಿದೆ ಅಂತ. ‘ರೆಡಿ’ ಅನ್ನಬೇಕು. ‘ಸಿಮ್ ಪಿನ್’ ಅಂದರೆ ಸಿಮ್ಮಿಗೆ ಬೀಗ ಇದೆ, ಮೊದಲು ಒಂದು ಮೊಬೈಲಿಗೆ ಹಾಕಿ ಆ ಬೀಗ ತೆಗೆಸಿ.

‘ಎಟಿ+ಸಿಎಸ್‌ಕ್ಯೂ’ ಅಂದರೆ ಸಿಗ್ನಲ್ ಎಷ್ಟು ಅಂತ. ಉತ್ತರದಲ್ಲಿ ಮೊದಲು ಬರುವ ಸಂಖ್ಯೆ 0ರಿಂದ 31ರ ಒಳಗಿರುತ್ತದೆ. 99 ಬಂದರೆ ಅದಕ್ಕೆ ಏನೂ ಸಿಗುತ್ತಿಲ್ಲ. ಆ ಸಂಖ್ಯೆಯನ್ನು 2ರಿಂದ ಗುಣಿಸಿ 113 ಕಳೆದರೆ ಸಿಗ್ನಲ್ ಬಲದ ಅಳತೆಯಾದ ಡಿಬಿಎಂ ಲೆಕ್ಕ ಸಿಗುತ್ತದೆ, ಅಂದರೆ 10 ಬಂದರೆ ಮೈನಸ್ 93. ನನ್ನ ಅನುಭವದಲ್ಲಿ 10ಕ್ಕಿಂತ ಕೆಳಗಿದ್ದರೆ ಡಯಲ್ ಆದರೂ ನಿಲ್ಲುವುದಿಲ್ಲ, 15 ದಾಟಿದರೆ ನೆಮ್ಮದಿ.

‘ಎಟಿ+ಸಿಆರ್‌ಇಜಿ?’ ಅಂದರೆ ನೆಟ್‌ವರ್ಕ್ ನಮ್ಮನ್ನು ಸೇರಿಸಿಕೊಂಡಿದೆಯಾ ಅಂತ. ಕೊನೆಯ ಸಂಖ್ಯೆ 1 ಇದ್ದರೆ ಸೇರಿಸಿಕೊಂಡಿದೆ, 5 ಅಂದರೆ ರೋಮಿಂಗ್, 2 ಅಂದರೆ ಇನ್ನೂ ಹುಡುಕುತ್ತಿದೆ, 3 ಅಂದರೆ ಒಳಗೆ ಬಿಟ್ಟಿಲ್ಲ. 3 ಬಂದರೆ ಸರ್ವರಿನಲ್ಲಿ ಏನೂ ಹುಡುಕಬೇಡಿ, ಸಿಮ್ ಕೊಟ್ಟವರನ್ನು ಕೇಳಿ.

ಮಳವಳ್ಳಿ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಎರಡು ದಿನ ನಾನು ಕಾನ್ಫಿಗ್ ಫೈಲ್ ತಿದ್ದುತ್ತಾ ಕೂತಿದ್ದೆ. ಮೂರನೇ ದಿನ ಸಿಗ್ನಲ್ ಎಷ್ಟು ಅಂತ ಕೇಳಿದರೆ ಉತ್ತರ 4. ಮೇಲೆ ತಗಡಿನ ಶೀಟು, ಸರ್ವರ್ ಇದ್ದದ್ದು ಭತ್ತದ ಮೂಟೆ ಜೋಡಿಸಿದ ಗೋಡೆಯ ಪಕ್ಕದ ಮೇಜಿನ ಕೆಳಗೆ. 3 ಮೀಟರ್ ಯುಎಸ್‌ಬಿ ಕೇಬಲ್ ತಂದು ಡಾಂಗಲ್ಲನ್ನು ಕಿಟಕಿಯ ಸರಳಿಗೆ ಕಟ್ಟಿದೆವು. 17 ಬಂತು. ಮೊದಲ ಸಲಕ್ಕೇ ಡಯಲ್ ಆಯಿತು. ಫೈಲಿನಲ್ಲಿ ಮೊದಲಿಂದಲೂ ತಪ್ಪೇ ಇರಲಿಲ್ಲ. ಕೇಬಲ್ ಹಾಕುವವರು ಗಮನಿಸಿ, ಯುಎಸ್‌ಬಿ 2ರಲ್ಲಿ 5 ಮೀಟರ್‌ಗಿಂತ ಉದ್ದ ಎಳೆಯಬಾರದು.

## ಡಯಲ್ ಮಾಡುವಾಗ

‘ಡಿವೈಸ್ ಬ್ಯುಸಿ’ ಅಂತ ಬರುತ್ತೆ, ಬೇರೆ ಯಾರೂ ಬಳಸ್ತಾ ಇಲ್ವಲ್ಲ?

ಬಳಸುತ್ತಿದ್ದಾರೆ, ‘ಮೋಡೆಮ್ ಮ್ಯಾನೇಜರ್’ ಅನ್ನುವ ಪ್ರೋಗ್ರಾಂ. ಡಾಂಗಲ್ ಕಂಡ ಕೂಡಲೇ ಅದು ತಾನೇ ಬಾಗಿಲು ಹಿಡಿದು ಮಾತಾಡಿಸಲು ಶುರು ಮಾಡುತ್ತದೆ. ನೀವು ‘ಡಬ್ಲ್ಯುವಿಡಯಲ್’ ಅನ್ನುವ ಹಳೆಯ ಡಯಲ್ ಪ್ರೋಗ್ರಾಂ ಓಡಿಸಿದರೆ ಇಬ್ಬರಿಗೂ ಜಗಳ. ಒಬ್ಬರನ್ನೇ ಇಟ್ಟುಕೊಳ್ಳಿ. ಹಳೆಯ ರೀತಿ ಬೇಕಿದ್ದರೆ ‘ಸಿಸ್ಟಮ್‌ಸಿಟಿಎಲ್’ನಿಂದ ಅದನ್ನು (ಈ ಹೆಸರಿನಲ್ಲಿ ಎರಡು ‘ಎಂ’ ದೊಡ್ಡಕ್ಷರ, ನಡುವೆ ಜಾಗ ಇಲ್ಲ) ನಿಲ್ಲಿಸಿ, ‘ಡಿಸೇಬಲ್’ ಕೂಡ ಮಾಡಿ. ಇಲ್ಲದಿದ್ದರೆ ರೀಬೂಟ್ ಆದ ಮೇಲೆ ಮತ್ತೆ ಎದ್ದು ಕೂರುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಉಲ್ಟಾ: ಡಬ್ಲ್ಯುವಿಡಯಲ್ ಬಿಡಿ, ಮೋಡೆಮ್ ಮ್ಯಾನೇಜರ್ ಮತ್ತು ನೆಟ್‌ವರ್ಕ್ ಮ್ಯಾನೇಜರ್ ಜೋಡಿಗೆ ಒಪ್ಪಿಸಿ. ‘ಎಂಎಂಸಿಎಲ್‌ಐ ಮೈನಸ್ ಎಂ 0’ ಕೊಟ್ಟರೆ ಸಿಮ್, ಸಿಗ್ನಲ್, ನೆಟ್‌ವರ್ಕ್ ಎಲ್ಲವೂ ಒಂದೇ ಕಡೆ ಕಾಣುತ್ತದೆ.

‘ಬ್ಯುಸಿ’ ಬದಲು ‘ಪರ್ಮಿಷನ್ ಡಿನೈಡ್’ ಬಂದರೆ ಅದು ಬೇರೆ ವಿಷಯ. ಡೆಬಿಯನ್, ಉಬುಂಟುನಲ್ಲಿ ನಿಮ್ಮ ಯೂಸರ್ ‘ಡಯಲ್‌ಔಟ್’ ಗುಂಪಿನಲ್ಲಿ ಇರಬೇಕು. ಸೇರಿಸಿದ ಮೇಲೆ ಒಮ್ಮೆ ಲಾಗೌಟ್ ಆಗಿ ಬನ್ನಿ.

ನಂಬರ್ ತಿರುಗುತ್ತೆ, ತಕ್ಷಣ ‘ನೋ ಕ್ಯಾರಿಯರ್’ ಅಂತ ಕಟ್ ಆಗುತ್ತೆ. ಏನ್ ಮಾಡೋದು?

ಸಿಗ್ನಲ್ ಸರಿ ಇದೆ ಅಂತ ಮೇಲೆ ಹೇಳಿದ ಹಾಗೆ ನೋಡಿಕೊಂಡಿದ್ದರೆ ಉಳಿದಿದ್ದು ಎರಡು. ಒಂದು, ರೀಚಾರ್ಜ್ ಮುಗಿದಿದೆ. ನಗಬೇಡಿ, ಸರ್ವರಿನ ಸಿಮ್ಮಿಗೆ ಬರುವ ಎಚ್ಚರಿಕೆ ಮೆಸೇಜನ್ನು ಯಾರೂ ಓದುವುದಿಲ್ಲ. ಇನ್ನೊಂದು, ಎಪಿಎನ್ ತಪ್ಪಾಗಿದೆ. ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಜಿಯೋಗೆ ‘ಜಿಯೋನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’, ಎಲ್ಲವೂ ಸಣ್ಣಕ್ಷರ, ನಡುವೆ ಜಾಗ ಬಿಡಬೇಡಿ. ಡಬ್ಲ್ಯುವಿಡಯಲ್ ಫೈಲಿನಲ್ಲಿ ಇದು ‘ಎಟಿ+ಸಿಜಿಡಿಸಿಒಎನ್‌ಟಿ’ ಅನ್ನುವ ಇನಿಟ್ ಸಾಲಿನಲ್ಲಿ ಹೋಗುತ್ತದೆ. ಆ ಸಾಲಿನಲ್ಲಿ 1 ಅಂತ ಬರೆದು ಡಯಲ್ ಮಾಡುವಾಗ *99***2# ಅಂತ ಬರೆದರೂ ಇದೇ ತಪ್ಪು ಬರುತ್ತದೆ. ಎರಡೂ ಕಡೆ ಒಂದೇ ಸಂಖ್ಯೆ ಇರಲಿ.

ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತೆ. ಸಿಮ್ ಕೊಟ್ಟವರು ಏನೂ ಹೇಳಿಲ್ಲ!

ಹೇಳುವುದಕ್ಕೆ ಏನೂ ಇಲ್ಲ. ನಿಮ್ಮ ಗುರುತು ಸಿಮ್ಮಿನಲ್ಲೇ ಇದೆ. ಆದರೆ ಖಾಲಿ ಬಿಟ್ಟರೆ ಡಬ್ಲ್ಯುವಿಡಯಲ್ ಮುಂದೆ ಹೋಗುವುದಿಲ್ಲ. ಯಾವುದಾದರೂ ಎರಡು ಪದ ಹಾಕಿ. ಅದೇ ಫೈಲಿನಲ್ಲಿ ‘ಸ್ಟುಪಿಡ್ ಮೋಡ್’ ಅನ್ನುವುದಕ್ಕೆ 1 ಕೊಡಿ. ಆಗ ಅದು ಲಾಗಿನ್ ಸಾಲಿಗೆ ಕಾಯದೆ ಸೀದಾ ಪಿಪಿಪಿ ಶುರು ಮಾಡುತ್ತದೆ.

ನಮ್ಮದು ಫೈಬರ್. ಅದಕ್ಕೂ ಸರ್ವರಿಂದ ಡಯಲ್ ಮಾಡ್ಬೇಕು ಅಂದ್ರು, ನಂಬರ್ರೇ ಇಲ್ವಲ್ಲ?

ಅದು ಪಿಪಿಪಿಒಇ, ಅಂದರೆ ಈಥರ್ನೆಟ್ ಮೇಲೆ ನಡೆಯುವ ಪಿಪಿಪಿ. ಫೈಬರ್ ಪೆಟ್ಟಿಗೆಯನ್ನು ಬ್ರಿಡ್ಜ್ (ತಾನು ಡಯಲ್ ಮಾಡದೆ ಬರೀ ದಾಟಿಸುವ ಹಾಗೆ) ಮಾಡಿಸಿಕೊಂಡಿದ್ದರೆ ಸರ್ವರಿನ ನೆಟ್‌ವರ್ಕ್ ಕಾರ್ಡೇ ಡಯಲ್ ಮಾಡುತ್ತದೆ. ನಂಬರ್ ಇರುವುದಿಲ್ಲ, ಯೂಸರ್‌ನೇಮ್, ಪಾಸ್‌ವರ್ಡ್ ನಿಜವಾದದ್ದೇ ಬೇಕು. ಕಾರ್ಡು ಮೊದಲು ‘ಯಾರಾದರೂ ಇದ್ದೀರಾ’ ಅಂತ ಕೂಗುತ್ತದೆ, ಆ ಕಡೆಯಿಂದ ‘ಇದ್ದೇನೆ’ ಅಂತ ಉತ್ತರ ಬರಬೇಕು. ಲಾಗಿನಲ್ಲಿ ‘ಟೈಮೌಟ್ ವೇಟಿಂಗ್ ಫಾರ್ ಪಿಎಡಿಒ’ ಅಂತ ಇದ್ದರೆ ಆ ಉತ್ತರ ಬಂದಿಲ್ಲ. ಪಾಸ್‌ವರ್ಡಿನವರೆಗೆ ವಿಷಯ ಹೋಗಿಯೇ ಇಲ್ಲ. ಕೇಬಲ್, ಯಾವ ಪೋರ್ಟು, ವಿಎಲ್‌ಎಎನ್ ನಂಬರ್, ಈ ಮೂರನ್ನು ನೋಡಿ. ಪೆಟ್ಟಿಗೆ ನಿಜವಾಗಿ ಬ್ರಿಡ್ಜ್ ಆಗಿದೆಯಾ ಅಂತಲೂ ಕೇಳಿ.

ಪಿಪಿಪಿಡಿ ನಿಂತೋಯ್ತು, ಕೊನೆಗೆ ಒಂದು ನಂಬರ್ ಹೇಳುತ್ತೆ. ಅದೇನು?

ಪಿಪಿಪಿಡಿ ಅಂದರೆ ಪಿಪಿಪಿ ನಡೆಸುವ ಪ್ರೋಗ್ರಾಂ. ಆ ನಂಬರ್ ಬಹಳ ಕೆಲಸಕ್ಕೆ ಬರುತ್ತದೆ, ಬರೆದಿಟ್ಟುಕೊಳ್ಳಿ. 7 ಅಂದರೆ ಬಾಗಿಲು ತೆರೆಯಲಿಲ್ಲ, ಟಿಟಿವೈ ಹೆಸರು ನೋಡಿ. 8 ಅಂದರೆ ಡಯಲ್ ಆಗಲೇ ಇಲ್ಲ. 10 ಅಂದರೆ ಡಯಲ್ ಆಯಿತು, ಪಿಪಿಪಿ ಮಾತುಕತೆ ಮುರಿದುಬಿತ್ತು. 15 ಅಂದರೆ ಆ ಕಡೆಯಿಂದ ಉಸಿರಿಲ್ಲ. 16 ಅಂದರೆ ಮೋಡೆಮ್ ಕಟ್ ಮಾಡಿತು. 19 ಅಂದರೆ ನಮ್ಮ ಪಾಸ್‌ವರ್ಡ್ ಒಪ್ಪಲಿಲ್ಲ. ‘ಡೀಬಗ್’ ಅನ್ನುವ ಆಪ್ಷನ್ ಸೇರಿಸಿ ಇನ್ನೊಮ್ಮೆ ಓಡಿಸಿ ‘ಜರ್ನಲ್‌ಸಿಟಿಎಲ್’ ನೋಡಿದರೆ ಯಾವ ಮಾತಿಗೆ ಮುರಿಯಿತು ಅಂತಲೂ ಸಿಗುತ್ತದೆ. ನನಗೆ ಫೋನ್ ಮಾಡುವವರು ಈ ನಂಬರ್ ಹೇಳಿದರೆ ಅರ್ಧ ಗಂಟೆ ಉಳಿಯುತ್ತದೆ.

## ಕನೆಕ್ಟ್ ಆಗಿದೆ, ಆದರೂ ನೆಟ್ ಇಲ್ಲ

ಐಪಿ ಬಂದಿದೆ, ಪಿಪಿಪಿ0 ಕಾಣ್ತಿದೆ, ಆದ್ರೆ ಯಾವುದಕ್ಕೂ ಪಿಂಗ್ ಹೋಗಲ್ಲ. ತಲೆ ಕೆಟ್ಟೋಗಿದೆ ಸಾರ್.

ನೂರಕ್ಕೆ ತೊಂಬತ್ತು ಸಲ ಅನ್ನುವಷ್ಟು ಜಾಸ್ತಿ ನಾನು ನೋಡಿರುವ ತೊಂದರೆ ಇದೇ. ಸರ್ವರಿಗೆ ಎರಡು ದಾರಿ ಇವೆ, ಅದು ತಪ್ಪು ದಾರಿ ಹಿಡಿದಿದೆ.

ನಿಮ್ಮ ಸರ್ವರಿನ ಮಾಮೂಲಿ ನೆಟ್‌ವರ್ಕ್ ಕಾರ್ಡು ಆಫೀಸಿನ ಸ್ವಿಚ್ಚಿಗೆ ಸೇರಿಕೊಂಡಿರುತ್ತದೆ. ಯಾರೋ ಎಂದೋ ಅದಕ್ಕೆ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 192.168.1.1 ಅಂತ ಬರೆದಿರುತ್ತಾರೆ. ಡಾಂಗಲ್ ಕನೆಕ್ಟ್ ಆದಾಗ ‘ಪಿಪಿಪಿಡಿ’ ಆ ಹಳೆಯ ಗೇಟ್‌ವೇಯನ್ನು ನೋಡಿ ಮರ್ಯಾದೆಯಿಂದ ಹಾಗೇ ಬಿಟ್ಟುಬಿಡುತ್ತದೆ. ಲಾಗಿನಲ್ಲಿ ‘ನಾಟ್ ರಿಪ್ಲೇಸಿಂಗ್ ಎಕ್ಸಿಸ್ಟಿಂಗ್ ಡಿಫಾಲ್ಟ್ ರೂಟ್’ ಅಂತ ಒಂದು ಸಾಲು ಕೂಡ ಬರೆಯುತ್ತದೆ. ನಾವು ಅದನ್ನು ಓದುವುದಿಲ್ಲ. ಪ್ಯಾಕೆಟ್‌ಗಳೆಲ್ಲ ನೆಟ್ ಇಲ್ಲದ ಆ ರೂಟರಿನ ಕಡೆಗೇ ಹೋಗಿ ಸಾಯುತ್ತವೆ.

‘ಐಪಿ ರೂಟ್’ ಕೊಡಿ. ‘ಡಿಫಾಲ್ಟ್’ ಅಂತ ಶುರುವಾಗುವ ಸಾಲಿನಲ್ಲಿ ‘ಪಿಪಿಪಿ0’ (ಡಾಂಗಲ್ಲಿನ ದಾರಿ) ಅಂತ ಇರಬೇಕು. ಹಾಗಿಲ್ಲದಿದ್ದರೆ ಸದ್ಯಕ್ಕೆ ‘ಐಪಿ ರೂಟ್ ರಿಪ್ಲೇಸ್ ಡಿಫಾಲ್ಟ್ ಡೆವ್ ಪಿಪಿಪಿ0’ ಕೊಟ್ಟು ಪಿಂಗ್ ಮಾಡಿ ನೋಡಿ. ಹೋದರೆ ರೋಗ ಸಿಕ್ಕಿತು. ಶಾಶ್ವತ ಔಷಧಿ ಅಂದರೆ ಆಫೀಸಿನ ಕಾರ್ಡಿನ ಕಾನ್ಫಿಗ್‌ನಿಂದ ಗೇಟ್‌ವೇ ಸಾಲನ್ನೇ ತೆಗೆಯುವುದು. ಒಳಗಿನ ಕಂಪ್ಯೂಟರ್‌ಗಳ ಜೊತೆ ಮಾತಾಡಲು ಅದಕ್ಕೆ ಗೇಟ್‌ವೇ ಬೇಡವೇ ಬೇಡ. ಫೈಬರ್ ಮತ್ತು ಡಾಂಗಲ್ ಎರಡೂ ಇದ್ದರೆ ಮಾತ್ರ ಎರಡನ್ನೂ ಇಟ್ಟು ಫೈಬರಿಗೆ ಕಡಿಮೆ ಮೆಟ್ರಿಕ್, ಡಾಂಗಲ್ಲಿಗೆ ಜಾಸ್ತಿ ಮೆಟ್ರಿಕ್ ಕೊಡಿ. ಕಡಿಮೆ ಇರುವ ದಾರಿ ಮೊದಲು.

8.8.8.8ಗೆ ಪಿಂಗ್ ಹೋಗುತ್ತೆ, ಹೆಸರು ಹಾಕಿದ್ರೆ ಹೋಗಲ್ಲ.

ಡಿಎನ್‌ಎಸ್. ಪಿಪಿಪಿ ಆಪ್ಷನ್‌ಗಳಲ್ಲಿ ‘ಯೂಸ್‌ಪೀರ್‌ಡಿಎನ್‌ಎಸ್’ ಇದೆಯಾ ನೋಡಿ. ಇದ್ದೂ ಆಗದಿದ್ದರೆ ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಕೊಟ್ಟು ಪಿಪಿಪಿ0ಗೆ ಯಾವುದಾದರೂ ವಿಳಾಸ ಸಿಕ್ಕಿದೆಯಾ ನೋಡಿ. ಸಿಕ್ಕಿಲ್ಲದಿದ್ದರೆ ಕೈಯಿಂದಲೇ ಒಂದು ಕೊಟ್ಟುಬಿಡಿ.

ಸಣ್ಣ ಪುಟ ಬರುತ್ತೆ, ದೊಡ್ಡ ಫೈಲ್ ಅರ್ಧಕ್ಕೆ ನಿಂತ್ಕೊಳ್ಳುತ್ತೆ. ಎಸ್‌ಎಸ್‌ಎಚ್ ಲಾಗಿನ್ ಆಗಿ ಸುಮ್ನೆ ಕೂರುತ್ತೆ.

ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಹೊರುತ್ತದೆ. ಪಿಪಿಪಿಒಇ ತನ್ನ ಪಾಲಿಗೆ 8 ಬೈಟ್ ಕಿತ್ತುಕೊಳ್ಳುವುದರಿಂದ ಉಳಿಯುವುದು 1492. ವಿಪಿಎನ್ ಸೇರಿದರೆ ಇನ್ನೂ ಕಡಿಮೆ. ದಾರಿಯಲ್ಲಿ ದೊಡ್ಡ ಪ್ಯಾಕೆಟ್ ಸಿಕ್ಕಿಹಾಕಿಕೊಂಡಾಗ ‘ಚಿಕ್ಕದು ಕಳಿಸು’ ಅಂತ ಬರಬೇಕಾದ ಸುದ್ದಿಯನ್ನು ಯಾವುದೋ ಫೈರ್‌ವಾಲ್ ತಡೆದಿರುತ್ತದೆ. ಎಂಟಿಯು 1400ಕ್ಕೆ ಇಳಿಸಿ ನೋಡಿ, ಸರಿಹೋದರೆ ಕಾರಣ ಇದೇ. ಸರ್ವರ್ ಬೇರೆಯವರಿಗೂ ನೆಟ್ ಹಂಚುತ್ತಿದ್ದರೆ ಲಿನಕ್ಸಿನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ‘ಕ್ಲ್ಯಾಂಪ್ ಎಂಎಸ್‌ಎಸ್ ಟು ಪಿಎಂಟಿಯು’ ನಿಯಮ ಸೇರಿಸಿ.

ದಸರಾ ಟೈಮಲ್ಲಿ ಸಿಗ್ನಲ್ ಪೂರ್ತಿ ಇದ್ರೂ ಏನೂ ಹೋಗ್ತಿರ್ಲಿಲ್ಲ. ಯಾಕೆ?

ಸಿಗ್ನಲ್ ಅಂದರೆ ಟವರಿನ ದನಿ ಎಷ್ಟು ಕೇಳುತ್ತದೆ ಅನ್ನುವುದು ಮಾತ್ರ. ಜಂಬೂಸವಾರಿ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಲಕ್ಷಾಂತರ ಜನ ಅದೇ ಟವರ್‌ಗಳಿಂದ ವಿಡಿಯೋ ಕಳಿಸುತ್ತಿರುತ್ತಾರೆ. ಸರ್ವರಿನಲ್ಲಿ ಏನೂ ಮುಟ್ಟಬೇಡಿ. ಬ್ಯಾಕಪ್ಪನ್ನು ಬೆಳಗಿನ ಜಾವ 3ಕ್ಕೆ ಹಾಕಿ.

## ಸರ್ವರ್ ಇಟ್ಟು ದೂರ ಹೋಗುವವರಿಗೆ

ರಾತ್ರಿ ಕಟ್ ಆದ್ರೆ ಬೆಳಿಗ್ಗೆ ಯಾರಾದ್ರೂ ಬಂದು ಕಿತ್ತು ಹಾಕೋವರೆಗೂ ಹಾಗೇ ಇರುತ್ತೆ. ತಾನೇ ಏಳೋ ಹಾಗೆ ಮಾಡ್ಬೋದಾ?

ಮಾಡಬಹುದು. ಪಿಪಿಪಿ ಆಪ್ಷನ್‌ಗಳಲ್ಲಿ ‘ಪರ್ಸಿಸ್ಟ್’ ಅಂತ ಹಾಕಿ, ಜೊತೆಗೆ ‘ಮ್ಯಾಕ್ಸ್‌ಫೇಲ್ 0’. ಎರಡನೆಯದನ್ನು ಮರೆತರೆ ಹತ್ತು ಸಲ ಸೋತ ಮೇಲೆ ಅದು ಪ್ರಯತ್ನ ಬಿಟ್ಟುಬಿಡುತ್ತದೆ. ‘ಎಲ್‌ಸಿಪಿ ಎಕೋ’ (ಆ ಕಡೆ ಇದ್ದೀಯಾ ಅಂತ ಆಗಾಗ ಕೇಳುವ ಆಪ್ಷನ್) ಹಾಕಿದರೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ಫೋನ್ ಲೈನಿಗೆ, ಫೈಬರಿಗೆ ಅದು ಸರಿ. ಡಾಂಗಲ್ಲಿಗೆ ಸಾಲದು. ಡಾಂಗಲ್ಲಿನಲ್ಲಿ ಪಿಪಿಪಿ ಮಾತುಕತೆ ಟವರಿನವರೆಗೆ ಹೋಗುವುದೇ ಇಲ್ಲ, ಡಾಂಗಲ್ಲಿನೊಳಗೇ ಮುಗಿಯುತ್ತದೆ. ಆಚೆ ನೆಟ್ ಸತ್ತಿದ್ದರೂ ಡಾಂಗಲ್ ‘ನಾನು ಚೆನ್ನಾಗಿದ್ದೇನೆ’ ಅಂತ ಉತ್ತರ ಕೊಡುತ್ತಲೇ ಇರುತ್ತದೆ. ಅದಕ್ಕೇ 5 ನಿಮಿಷಕ್ಕೊಮ್ಮೆ ಹೊರಗಿನ ಎರಡು ಬೇರೆ ಬೇರೆ ವಿಳಾಸಕ್ಕೆ ಪಿಂಗ್ ಮಾಡಿ, ಎರಡೂ ಮೂರು ಸಲ ಸೋತರೆ ಕನೆಕ್ಷನ್ ಇಳಿಸಿ ಏರಿಸುವ ಪುಟ್ಟ ಸ್ಕ್ರಿಪ್ಟನ್ನು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಇಡಿ. ಒಂದೇ ವಿಳಾಸ ಸಾಲದು, ಅದೇ ಕೆಟ್ಟಿರಬಹುದು.

ಕರೆಂಟ್ ಹೋಗಿ ಬಂದ್ರೆ ಡಾಂಗಲ್ ಮಾಯ. ಕೆಲವೊಮ್ಮೆ ಟಿಟಿವೈ ನಂಬರ್ ಬೇರೆ ಬದಲಾಗಿರುತ್ತೆ.

ಇವು ಎರಡು ಬೇರೆ ತೊಂದರೆ. ನಂಬರ್ ಬದಲಾಗುವುದಕ್ಕೆ ಟಿಟಿವೈಯುಎಸ್‌ಬಿ0 ಅಂತ ಬರೆಯುವುದನ್ನೇ ಬಿಡಿ, ‘ಡೆವ್’ ಒಳಗಿನ ‘ಸೀರಿಯಲ್’, ಅದರೊಳಗಿನ ‘ಬೈ-ಐಡಿ’ ಫೋಲ್ಡರಿನಲ್ಲಿ ಇರುವ ಉದ್ದದ ಹೆಸರು ಬರೆಯಿರಿ. ಅದು ಬದಲಾಗುವುದಿಲ್ಲ.

ಮಾಯವಾಗುವುದು ಹೆಚ್ಚಾಗಿ ವಿದ್ಯುತ್ತಿನ ಕೊರತೆಯಿಂದ. ಯುಎಸ್‌ಬಿ 2 ಪೋರ್ಟು ಕೊಡುವುದು 500 ಮಿಲಿಆಂಪ್. ಸಿಗ್ನಲ್ ಕಡಿಮೆ ಇರುವ ಕಡೆ ಡಾಂಗಲ್ ಜೋರಾಗಿ ಕೂಗಬೇಕಾಗಿ ಜಾಸ್ತಿ ಎಳೆಯುತ್ತದೆ, ಆಗ ಬಿದ್ದು ಏಳುತ್ತದೆ. ‘ಡಿಎಂಇಎಸ್‌ಜಿ’ಯಲ್ಲಿ ‘ಯುಎಸ್‌ಬಿ ಡಿಸ್‌ಕನೆಕ್ಟ್’ ಸಾಲುಗಳು ಮತ್ತೆ ಮತ್ತೆ ಕಂಡರೆ ತನ್ನದೇ ಅಡಾಪ್ಟರ್ ಇರುವ ಹಬ್ ಹಾಕಿ. ಹಬ್ಬಿನ ಅಡಾಪ್ಟರನ್ನೂ ಯುಪಿಎಸ್ಸಿಗೇ ಕೊಡಿ. ಪಾಂಡವಪುರದ ಒಂದು ಶಾಲೆಯಲ್ಲಿ ಸರ್ವರ್ ಯುಪಿಎಸ್ ಮೇಲೆ, ಹಬ್ ಗೋಡೆಯ ಪ್ಲಗ್ಗಿನಲ್ಲಿ ಇತ್ತು. ಕರೆಂಟ್ ಹೋದಾಗೆಲ್ಲ ಸರ್ವರ್ ಎದ್ದೇ ಇರುತ್ತಿತ್ತು, ನೆಟ್ ಹೋಗುತ್ತಿತ್ತು. ಅದನ್ನು ಸಾಫ್ಟ್‌ವೇರ್ ತಪ್ಪು ಅಂತ ನಾನು ಒಂದು ವಾರ ಹುಡುಕಿದ್ದೆ.

ದಿನದ ಡೇಟಾ ಬೆಳಿಗ್ಗೆ 8ಕ್ಕೇ ಮುಗಿದಿರುತ್ತೆ. ನಾವು ಏನೂ ಮಾಡಿಲ್ಲ!

ಸರ್ವರ್ ಮಾಡಿದೆ. ಉಬುಂಟು ತಾನೇ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಸ್ನ್ಯಾಪ್‌ಗಳೂ ಹಾಗೇ. ‘ಎಪಿಟಿ ಡೈಲಿ’ ಟೈಮರ್ ನಿಲ್ಲಿಸಿ, ತಿಂಗಳಿಗೆರಡು ಸಲ ನೀವೇ ಕೂತು ಅಪ್‌ಡೇಟ್ ಮಾಡಿ. ನಿಲ್ಲಿಸಿ ಮರೆತುಬಿಡಬೇಡಿ, ಅದು ಇನ್ನೂ ಅಪಾಯ. ‘ವಿಎನ್‌ಸ್ಟ್ಯಾಟ್’ ಹಾಕಿಟ್ಟರೆ ಯಾವ ಗಂಟೆಯಲ್ಲಿ ಎಷ್ಟು ಹೋಯಿತು ಅಂತ ಕಾಣುತ್ತದೆ.

ಮೈಸೂರಲ್ಲಿ ಕೂತು ಊರಲ್ಲಿರೋ ಸರ್ವರಿಗೆ ಎಸ್‌ಎಸ್‌ಎಚ್ ಮಾಡಕ್ಕೆ ಹೋದ್ರೆ ಆಗಲ್ಲ. ಪೋರ್ಟ್ ಓಪನ್ ಇದೆ.

ಪಿಪಿಪಿ0ಗೆ ಬಂದ ಐಪಿ ನೋಡಿ. 10ರಿಂದ ಶುರುವಾಗಿದೆಯಾ? ಅಥವಾ 100.64ರಿಂದ 100.127ರ ಒಳಗಿದೆಯಾ? ಹಾಗಿದ್ದರೆ ಅದು ಹೊರಗಿನವರಿಗೆ ಕಾಣುವ ವಿಳಾಸವಲ್ಲ. ಸಾವಿರಾರು ಸಿಮ್‌ಗಳು ಒಂದೇ ಹೊರಗಿನ ವಿಳಾಸದ ಹಿಂದೆ ಕೂತಿವೆ. ಹೊರಗಿನಿಂದ ಬಾಗಿಲು ತಟ್ಟಲು ಆಗುವುದಿಲ್ಲ, ಒಳಗಿನಿಂದಲೇ ತೆರೆಯಬೇಕು. ಪಬ್ಲಿಕ್ ಐಪಿ ಇರುವ ಒಂದು ಸಣ್ಣ ಬಾಡಿಗೆ ಸರ್ವರ್ ತೆಗೆದುಕೊಂಡು, ಊರಿನ ಸರ್ವರಿನಿಂದ ಅದಕ್ಕೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ಕಟ್ಟಿ. ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ 25 ಸೆಕೆಂಡ್ ಕೊಡಿ, ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ದಾರಿ ಮುಚ್ಚಿಹೋಗುತ್ತದೆ.

ದೂರದಿಂದಲೇ ರೂಟ್ ಬದಲಾಯಿಸೋಕೆ ಭಯ. ತಪ್ಪಾದ್ರೆ ನಾನೇ ಹೊರಗೆ ಬಿದ್ದೋಗ್ತೀನಿ.

ಭಯ ಇರಲೇಬೇಕು. ಮುಟ್ಟುವ ಮೊದಲು ‘ಶಟ್‌ಡೌನ್ ಮೈನಸ್ ಆರ್ ಪ್ಲಸ್ 10’ ಕೊಡಿ. 10 ನಿಮಿಷಕ್ಕೆ ತಾನೇ ರೀಬೂಟ್ ಆಗಲಿ ಅಂತ. ಆಮೇಲೆ ಫೈಲ್ ಮುಟ್ಟದೆ ಬರೀ ಕಮಾಂಡಿನಿಂದ ರೂಟ್ ಬದಲಾಯಿಸಿ. ನೀವು ಹೊರಗೆ ಬಿದ್ದರೆ ರೀಬೂಟ್ ಆಗಿ ಹಳೆಯದೇ ವಾಪಸ್ ಬರುತ್ತದೆ. ಬೀಳದಿದ್ದರೆ ‘ಶಟ್‌ಡೌನ್ ಮೈನಸ್ ಸಿ’ ಕೊಟ್ಟು ರೀಬೂಟ್ ರದ್ದು ಮಾಡಿ, ಆಗ ಫೈಲಿಗೆ ಬರೆಯಿರಿ. ಹೋದ ಮಳೆಗಾಲದಲ್ಲಿ ನಾಗಮಂಗಲದ ಒಂದು ಸರ್ವರಿನಲ್ಲಿ ಹೀಗೇ ಆಯಿತು. ರೂಟ್ ತಪ್ಪು ಹಾಕಿದೆ, ಪರದೆ ಹಾಗೇ ನಿಂತಿತು. ಗಡಿಯಾರ ನೋಡುತ್ತಾ ಕೂತೆ. ಹನ್ನೆರಡನೇ ನಿಮಿಷಕ್ಕೆ ಮತ್ತೆ ಲಾಗಿನ್ ಕೇಳಿತು.